ಹುಡುಕುವವರಿಗೆ ಸಿಗುವ ಹಾಗೆ

ಮುಂಬಯಿಯ ಆಂಟಾಪ್ ಹಿಲ್‌ನ ಸಿಜಿಎಸ್ ಕಾಲೊನಿ ಕೇಂದ್ರ ಸರ್ಕಾರಿ ನೌಕರರ ವಸತಿ. ಹತ್ತಾರು ಇಲಾಖೆಗಳ ಜನ ಅಲ್ಲಿಗೆ ವರ್ಗವಾಗಿ ಬರುತ್ತಿದ್ದರು, ಕೆಲವು ವರ್ಷ ಇದ್ದು ವರ್ಗವಾಗಿ ಹೋಗುತ್ತಿದ್ದರು. ಶಾಲೆಗಳಿಗೆ ಬೇಸಿಗೆ ರಜೆ ಬಿದ್ದೊಡನೆ ಸೆಕ್ಟರ್‌ಗಳ ನಡುವಿನ ರಸ್ತೆಗಳಲ್ಲಿ ಸಾಮಾನಿನ ಲಾರಿಗಳು ಸಾಲುಗಟ್ಟುತ್ತಿದ್ದವು. ಒಂದು ಮನೆಯ ಟ್ರಂಕು ಇಳಿಯುವ ಹೊತ್ತಿಗೆ ಇನ್ನೊಂದು ಮನೆಯ ಟ್ರಂಕು ಏರುತ್ತಿತ್ತು. ಧಾರವಾಡದಿಂದಲೋ ಮಂಗಳೂರಿನಿಂದಲೋ ಬಂದ ಕನ್ನಡದವರು ಒಂದೆರಡು ದಿನದಲ್ಲೇ ನಮ್ಮ ಮನೆಯ ಕರೆಗಂಟೆ ಒತ್ತುತ್ತಿದ್ದರು. ಬಾಗಿಲ ಮೇಲೆ ಅಪ್ಪ ಇಂಗ್ಲಿಷಿನ ಕೆಳಗೆ ಕನ್ನಡದಲ್ಲೂ ಹೆಸರು ಬರೆಸಿದ್ದರು. ಅದನ್ನು ನೋಡಿಯೇ ಅವರು ಬರುತ್ತಿದ್ದದ್ದು.

“ವೈನಿ, ಜ್ವಾಳ ಬೀಸೋ ಗಿರಣಿ ಎಲ್ಲಿ ಅದರೀ ಇಲ್ಲೆ?” ಎನ್ನುವುದು ಒಂದು ಪ್ರಶ್ನೆ. ಮಗನ ಮುಂಜಿಗೆ ನಮ್ಮ ಕಡೆಯ ಪುರೋಹಿತರು ಸಿಗುತ್ತಾರೆಯೇ, ಮಕ್ಕಳಿಗೆ ಕನ್ನಡ ಓದಲು ಎಲ್ಲಿ ಕಲಿಸುತ್ತಾರೆ, ಬಾಳೆ ಎಲೆ ಎಲ್ಲಿ ಕೊಳ್ಳಬೇಕು ಎಂಬವು ಉಳಿದವು. ಅಮ್ಮನ ಬಳಿ ಎಲ್ಲಕ್ಕೂ ಉತ್ತರವಿತ್ತು. ಹೂವು, ಎಲೆ, ಮಲ್ಲಿಗೆಗೆ ಮಾಟುಂಗ. ನಾಟಕ, ಸಂಗೀತ ಬೇಕೆನ್ನುವವರಿಗೆ ಅಲ್ಲೇ ಇರುವ, 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್. ಅಡುಗೆಮನೆ ಇನ್ನೂ ಸಜ್ಜಾಗದವರಿಗೆ 1942ರಿಂದ ಊಟ ಬಡಿಸುತ್ತಿರುವ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್. ಕನ್ನಡ ಶಾಲೆ ಕೇಳಿದವರಿಗೆ ವಡಾಲಾದ ಎನ್‌ಕೆಇಎಸ್. ಅಮ್ಮ ಬರೀ ಹೆಸರು ಹೇಳಿ ಕಳಿಸುತ್ತಿರಲಿಲ್ಲ. ಯಾವ ಹೊತ್ತಿಗೆ ಹೋದರೆ ಸಿಗುತ್ತಾರೆ, ಅಡುಗೆಯವರಾದರೆ ಎಷ್ಟು ಜನರ ಅಡುಗೆಯನ್ನು ನಿಭಾಯಿಸಬಲ್ಲರು, ಎಲ್ಲಿ ಇಳಿದರೆ ನಡಿಗೆ ಕಮ್ಮಿ ಎಂಬುದನ್ನೆಲ್ಲ ಸೇರಿಸಿ ಹೇಳುತ್ತಿದ್ದಳು. ಒಬ್ಬರ ಹೆಸರನ್ನು ತಾನು ಹೇಳುವ ಮೊದಲು ಅವರ ಬಗ್ಗೆ ನಾಲ್ಕು ಮನೆಗಳ ಅಭಿಪ್ರಾಯ ಕೇಳಿಟ್ಟುಕೊಂಡಿರುತ್ತಿದ್ದಳು.

ಮುಂದೆ ನಾನು ಹಿಡಿದ ಕೆಲಸ ಜಾಲತಾಣಗಳನ್ನು ಹುಡುಕಾಟದ ಫಲಿತಾಂಶದಲ್ಲಿ ಮೇಲಕ್ಕೆ ತರುವುದು. ಎಸ್‌ಇಒ ಎಂದು ಎಲ್ಲರೂ ಕರೆಯುವ ಈ ಕೆಲಸವನ್ನು ನಾನು ದೊಡ್ಡ ಕಂಪನಿಗಳಲ್ಲಿ ಕಲಿತದ್ದಕ್ಕಿಂತ ಆಂಟಾಪ್ ಹಿಲ್‌ನ ಸುತ್ತಮುತ್ತಲ ಸಣ್ಣ ಉದ್ಯಮದವರ ಜೊತೆ ಕೂತು ಕಲಿತದ್ದೇ ಹೆಚ್ಚು. ಅಡುಗೆಯವರು, ಪುರೋಹಿತರು, ಲಾರಿ ಸಾಗಣೆಯವರು, ಸಂಘದವರು. ಅವರೊಂದಿಗೆ ಕಳೆದ ವರ್ಷಗಳನ್ನು ಬರೆದಿಡಬೇಕೆನ್ನಿಸಿದ್ದಕ್ಕೆ ಕಾರಣವಿದೆ. ಈ ವಿದ್ಯೆಯನ್ನು ಯಂತ್ರಕ್ಕೆ ಮಂಕುಬೂದಿ ಎರಚುವ ಕೈಚಳಕ ಎಂದು ತಿಳಿದವರು ಬಹಳ. ನಾನು ಕಂಡದ್ದು ಬೇರೆ. ಅಪರಿಚಿತನೊಬ್ಬ ಕೇಳುವ ಪ್ರಶ್ನೆಯನ್ನು ಅವನ ಮಾತಿನಲ್ಲೇ ಕೇಳಿಸಿಕೊಂಡು, ನಿಜವಾದ ಉತ್ತರವನ್ನು ಅವನ ಕೈಗೆ ಸಿಗುವ ಕಡೆ ಇಡುವುದೇ ಈ ಕೆಲಸದ ತಿರುಳು.

ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಕೊಡಲು ಶುರುಮಾಡಿದ್ದು 1995ರ ಆಗಸ್ಟ್ 15ರಂದು. ಅದೇ ವರ್ಷ ಆಲ್ಟಾವಿಸ್ಟಾ ಎಂಬ ಹುಡುಕುತಾಣ ಬಂತು. ಪುಟದಲ್ಲಿ ಒಂದು ಪದ ಎಷ್ಟು ಸಲ ಇದೆ ಎಂಬುದಕ್ಕೆ ಆ ಕಾಲದ ಹುಡುಕಾಟದಲ್ಲಿ ಬಹಳ ಬೆಲೆ. ಹಾಗಾಗಿ ಪುಟದ ಬುಡದಲ್ಲಿ ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರದಲ್ಲಿ ಅದೇ ಪದವನ್ನು ನೂರು ಸಲ ಬರೆದಿಡುವವರಿದ್ದರು. 1998ರಲ್ಲಿ ಸ್ಟ್ಯಾನ್‌ಫರ್ಡಿನ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಗೂಗಲ್ ಕಂಪನಿಯನ್ನು ಕಟ್ಟಿದಾಗ ಅದರ ಬೆನ್ನೆಲುಬಾದದ್ದು ಪೇಜ್‌ರ‍್ಯಾಂಕ್ ಎಂಬ ಲೆಕ್ಕಾಚಾರ. ಒಂದು ಪುಟದ ಬೆಲೆ ಗೊತ್ತಾಗಬೇಕಾದರೆ ಆ ಪುಟ ತನ್ನ ಬಗ್ಗೆ ಏನು ಹೇಳಿಕೊಂಡಿದೆ ಎನ್ನುವುದಷ್ಟೇ ಸಾಲದು, ಬೇರೆ ಯಾವ ಪುಟಗಳು ಅದರ ಕಡೆ ಕೈತೋರಿಸುತ್ತವೆ, ಹಾಗೆ ಕೈತೋರಿಸುವ ಪುಟಗಳಿಗೆ ಎಷ್ಟು ಬೆಲೆಯಿದೆ ಎಂದು ನೋಡಬೇಕು. ಇದನ್ನು ಮೊದಲ ಸಲ ಓದಿದಾಗ ನನಗೆ ಅರ್ಥವಾಗಲು ಕಷ್ಟವಾಗಲಿಲ್ಲ. ಅಮ್ಮ ಅಡುಗೆಯವರ ಹೆಸರು ಹೇಳುತ್ತಿದ್ದದ್ದು ಇದೇ ಲೆಕ್ಕದ ಮೇಲೆ.

ಮೊದಲು ಸಿಕ್ಕ ಕೆಲಸ ಉಡುಪಿ ಕಡೆಯ ಅಕ್ಕನೊಬ್ಬರದು. ಕಾಲೊನಿಯ ಗೋಡೆಯಾಚೆಯ ಖಾಸಗಿ ಕಟ್ಟಡದಲ್ಲಿ ಅವರ ಮನೆ. ಮುಂಜಿ, ಸೀಮಂತ, ಸತ್ಯನಾರಾಯಣ ಪೂಜೆಗಳಿಗೆ ಈರುಳ್ಳಿ ಬೆಳ್ಳುಳ್ಳಿ ಹಾಕದ ಅಡುಗೆ ಮಾಡಿಕೊಡುತ್ತಿದ್ದರು. ಹಬ್ಬದ ಹೊತ್ತಿಗೆ ಹೋಳಿಗೆ, ಚಕ್ಕುಲಿ, ಕಡುಬು. ಪರಿಚಿತರೊಬ್ಬರು ಅವರಿಗೊಂದು ಜಾಲತಾಣ ಮಾಡಿಕೊಟ್ಟಿದ್ದರು. ಕಂಪ್ಯೂಟರಿನಲ್ಲಿ ಅಕ್ಕನ ಹೆಸರು ಹಾಕಿದರೆ ಅದು ಮೊದಲಿಗೇ ಬರುತ್ತಿತ್ತು. ಬರುತ್ತದಲ್ಲ ಅಕ್ಕ ಎಂದೆ. ಅವರು ಹೇಳಿದ ಮಾತು ನನ್ನ ಇಡೀ ವೃತ್ತಿಗೆ ಪಾಠವಾಯಿತು: “ನನ್ನ ಹೆಸರು ಗೊತ್ತಿದ್ದವರಿಗೆ ನನ್ನ ಮನೆಯೂ ಗೊತ್ತುಂಟು ಮಾರಾಯ. ಗೊತ್ತಿಲ್ಲದವರಿಗೆ ನಾನು ಸಿಗುವುದು ಹೇಗೆ?”

ಆ ತಾಣವನ್ನು ಬಿಚ್ಚಿ ನೋಡಿದರೆ ಇಡೀ ಮುಖಪುಟವೇ ಒಂದು ದೊಡ್ಡ ಚಿತ್ರ. ಅಡುಗೆಗಳ ಪಟ್ಟಿ, ಫೋನ್ ನಂಬರು, ವಿಳಾಸ ಎಲ್ಲ ಆ ಚಿತ್ರದೊಳಗೆ. ಮನುಷ್ಯರ ಕಣ್ಣಿಗೆ ಸುಂದರ. ಆದರೆ ಗೂಗಲ್ ಕಳಿಸುವ ಬಾಟ್ ಎಂಬ ತಂತ್ರಾಂಶ ಪುಟದಿಂದ ಪುಟಕ್ಕೆ ಕೊಂಡಿ ಹಿಡಿದು ಹೋಗಿ, ಅಲ್ಲಿರುವ ಅಕ್ಷರಗಳನ್ನು ಓದಿ, ತನ್ನ ಸೂಚಿಗೆ ಸೇರಿಸಿಕೊಳ್ಳುತ್ತದೆ. ಅದಕ್ಕೆ ಅಲ್ಲಿ ಅಕ್ಷರವೇ ಇರಲಿಲ್ಲ. ಪುಟದ ಶೀರ್ಷಿಕೆಯ ಜಾಗದಲ್ಲಿ ಇದ್ದದ್ದು ‘ಹೋಮ್’ ಎಂಬ ಒಂದೇ ಪದ. ಫಲಿತಾಂಶದಲ್ಲಿ ನೀಲಿ ಅಕ್ಷರದಲ್ಲಿ ಕಾಣುವ ಸಾಲು ಬಹುಮಟ್ಟಿಗೆ ಇಲ್ಲಿಂದಲೇ ಬರುವುದು. ತಾಣ ಮಾಡಿದವರು ಕೀವರ್ಡ್ ಮೆಟಾ ಟ್ಯಾಗ್‌ನಲ್ಲಿ ಮಾತ್ರ ಉದ್ದನೆಯ ಪದಗಳ ಪಟ್ಟಿಯನ್ನೇ ತುಂಬಿಸಿದ್ದರು. ಆ ಟ್ಯಾಗನ್ನು ತಾನು ಗಣನೆಗೆ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲೇ ಸ್ಪಷ್ಟವಾಗಿ ಹೇಳಿದೆ.

ಚಿತ್ರವನ್ನು ಒಡೆದು ಅಕ್ಷರ ಮಾಡಿದೆವು. ಅಡುಗೆಗೊಂದು ಪುಟ, ಹಬ್ಬದ ತಿಂಡಿಗೊಂದು ಪುಟ. ಅಕ್ಕ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಎಷ್ಟು ಜನಕ್ಕಿಂತ ಕಡಿಮೆಯಾದರೆ ಒಪ್ಪಿಕೊಳ್ಳುವುದಿಲ್ಲ, ಎಷ್ಟು ದಿನ ಮೊದಲು ಹೇಳಬೇಕು, ಪಾತ್ರೆ ಯಾರದು, ಬಡಿಸುವವರು ಬರುತ್ತಾರೋ ಇಲ್ಲವೋ. ಹೊಸ ಊರಿನಲ್ಲಿ ಮೊದಲ ಶುಭಕಾರ್ಯ ಮಾಡುವವರಿಗೆ ತಿಳಿಯಬೇಕಾದದ್ದು ಇವೇ. ಬರೆಯುವಾಗ ಹೋಳಿಗೆಯನ್ನು ಹೋಳಿಗೆ ಎಂದೇ ಬರೆದು ನಿಲ್ಲಿಸಲಾಗುವುದಿಲ್ಲ. ಮೈಸೂರಿನ ಕಡೆಯವರು ಒಬ್ಬಟ್ಟು ಎಂದು ಹುಡುಕುತ್ತಾರೆ, ಮರಾಠಿ ನೆರೆಯವರು ಪೂರಣಪೋಳಿ ಎಂದು. ಮೂರೂ ಹೆಸರು ಆ ಪುಟದಲ್ಲಿ ಸಹಜವಾಗಿ ಬರುವಂತೆ ವಾಕ್ಯ ಕಟ್ಟಬೇಕು. ಅಕ್ಕನ ಮಾತಿನಲ್ಲಿ ಅವು ಹೇಗೂ ಬೆರೆತೇ ಇದ್ದವು. ಮುಂಬಯಿಯಲ್ಲಿ ನಲವತ್ತು ವರ್ಷ ಬದುಕಿದ ಯಾರ ಮಾತಿನಲ್ಲಿ ಇರುವುದಿಲ್ಲ?

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು ವಿಳಾಸ. ನಮ್ಮ ಜಾಗಕ್ಕೆ ಒಂದೇ ಹೆಸರಿಲ್ಲ. ಹಾರ್ಬರ್ ಲೈನಿನ ನಮ್ಮ ನಿಲ್ದಾಣ ಹಿಂದೆ ಕೋಳಿವಾಡ. ವಿಭಜನೆಯ ನಂತರ ಪಂಜಾಬಿ ನಿರಾಶ್ರಿತರು ಬಂದು ನೆಲೆಸಿದ ಪ್ರದೇಶವದು, ಮುಂದೆ ಗುರು ತೇಗ್ ಬಹಾದ್ದೂರ್ ನಗರವಾಯಿತು, ಬಾಯಿಮಾತಿನಲ್ಲಿ ಜಿಟಿಬಿ. ಹಳಬರಿಗೆ ಇಂದಿಗೂ ಅದು ಸಾಯನ್ ಕೋಳಿವಾಡ. ಕಾಲೊನಿಯ ಒಂದು ಭಾಗದವರು ಕಾಣೆ ನಗರ ಎನ್ನುತ್ತಾರೆ. ಮನೆ ಮಾರುವವರು ಬೆಲೆ ಏರಿಸಲು ವಡಾಲಾ ಈಸ್ಟ್ ಎಂದು ಬರೆಯುತ್ತಾರೆ. ಅಂಚೆಯವರಿಗೆ ಮಾತ್ರ ಸಂಶಯವಿಲ್ಲ: ಆಂಟಾಪ್ ಹಿಲ್, ಮುಂಬಯಿ 400037. ಅಕ್ಕನ ವಿಳಾಸ ತಾಣದಲ್ಲಿ ಒಂದು ರೀತಿ, ಜಸ್ಟ್‌ಡಯಲ್‌ನಲ್ಲಿ ಇನ್ನೊಂದು ರೀತಿ, ಕರಪತ್ರದಲ್ಲಿ ಮತ್ತೊಂದು ರೀತಿ ಇತ್ತು. ಇವೆಲ್ಲ ಒಬ್ಬರದೇ ಎಂದು ಯಂತ್ರಕ್ಕೆ ಖಾತ್ರಿಯಾಗಬೇಕಾದರೆ ಹೆಸರು, ವಿಳಾಸ, ಫೋನ್ ಎಲ್ಲ ಕಡೆಯೂ ಒಂದೇ ಆಗಿರಬೇಕು. ಅಂಚೆಯವರು ಒಪ್ಪುವ ವಿಳಾಸವನ್ನು ಎಲ್ಲ ಕಡೆ ಸ್ಥಿರಗೊಳಿಸಿದೆವು. ಉಳಿದ ಹೆಸರುಗಳನ್ನು, ‘ಜಿಟಿಬಿ ನಗರ ನಿಲ್ದಾಣದಿಂದ ಬರುವವರು ಹೀಗೆ ಬನ್ನಿ, ವಡಾಲಾ ರೋಡ್ ಕಡೆಯಿಂದಾದರೆ ಹೀಗೆ’ ಎಂದು ದಾರಿ ಹೇಳುವ ಸಾಲುಗಳಲ್ಲಿ ಸೇರಿಸಿದೆವು.

ಗೂಗಲ್ ನಕ್ಷೆಯಲ್ಲಿ ವ್ಯವಹಾರವನ್ನು ನೋಂದಾಯಿಸುವ ವ್ಯವಸ್ಥೆ 2014ರಲ್ಲಿ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರು ಪಡೆಯಿತು. 2021ರಿಂದ ಅದು ಬಿಸಿನೆಸ್ ಪ್ರೊಫೈಲ್. ವಿಳಾಸ ನಿಜವೇ ಎಂದು ತಿಳಿಯಲು ಅವರು ಗುಪ್ತ ಸಂಖ್ಯೆಯಿರುವ ಅಂಚೆ ಕಾರ್ಡು ಕಳಿಸುತ್ತಿದ್ದರು. ಕ್ಯಾಲಿಫೋರ್ನಿಯಾದ ಕಂಪನಿಯೊಂದು ನಮ್ಮ ಅಂಚೆಯಣ್ಣನನ್ನು ಸಾಕ್ಷಿಯಾಗಿ ಒಪ್ಪಿಕೊಂಡದ್ದು ಅಕ್ಕನಿಗೆ ಬಹಳ ಹಿಡಿಸಿತು. ಕಾರ್ಡು ಬಂದ ದಿನ ಅವನಿಗೆ ಹೋಳಿಗೆ ಕೊಟ್ಟು ಕಳಿಸಿದರು. ನಕ್ಷೆಯ ಫಲಿತಾಂಶದಲ್ಲಿ ಮೇಲೆ ಬರಲು ಗೂಗಲ್ ಬಹಿರಂಗವಾಗಿ ಹೇಳುವ ಅಂಶಗಳು ಮೂರು: ಕೇಳಿದ್ದಕ್ಕೆ ಹೊಂದುತ್ತದೆಯೇ, ಕೇಳಿದವರಿಂದ ಎಷ್ಟು ದೂರ, ನಾಲ್ಕು ಜನರಿಗೆ ಎಷ್ಟು ಗೊತ್ತು. ದೂರವನ್ನು ನಾವು ಬದಲಿಸಲಾರೆವು. ಹೊಂದಿಕೆಯನ್ನು ಬರವಣಿಗೆಯಿಂದ ತೋರಿಸಬಹುದು. ಮೂರನೆಯದಕ್ಕೆ ಉಂಡವರೇ ಬರೆಯಬೇಕು. ಅಭಿಪ್ರಾಯಗಳನ್ನು ಕಾಸಿಗೆ ಬರೆಸಿಕೊಡುವವರು ಆಗಲೂ ಇದ್ದರು. ಅಕ್ಕ ಒಪ್ಪಲಿಲ್ಲ. ಊಟ ಮುಗಿದು ಲೆಕ್ಕ ಚುಕ್ತಾ ಆದಮೇಲೆ, “ಹೇಗಾಯಿತೋ ಹಾಗೇ ಬರೆಯಿರಿ” ಎಂದು ಮನೆಯವರನ್ನು ಕೇಳುತ್ತಿದ್ದರು. ಸಾರು ಉಪ್ಪಾಗಿತ್ತು ಎಂದು ಬರೆದವರೂ ಇದ್ದಾರೆ. ಅದರ ಕೆಳಗೆ ಅಕ್ಕನ ಉತ್ತರವೂ ಇದೆ, ಕ್ಷಮೆ ಕೇಳಿ, ಮುಂದಿನ ಸಲ ಸರಿಮಾಡುತ್ತೇನೆ ಎಂದು. ಹೊಸಬರಿಗೆ ನಂಬಿಕೆ ಬರುತ್ತಿದ್ದದ್ದು ಅಂಥ ಸಾಲುಗಳನ್ನು ಓದಿ.

ಈ ಕೆಲಸದ ಇನ್ನೊಂದು ಮುಖವನ್ನು ನೋಡಿದ್ದು ಲಾರಿ ಸಾಗಣೆಯ ಅಣ್ಣನೊಬ್ಬರ ಕಚೇರಿಯಲ್ಲಿ. ಹುಬ್ಬಳ್ಳಿ ಕಡೆಯವರು, ಆಂಟಾಪ್ ಹಿಲ್‌ನ ಗೋದಾಮುಗಳ ಸಾಲಿನ ಹತ್ತಿರ ಅವರ ಕಚೇರಿ. ತಿಂಗಳಿಗಿಷ್ಟು ಎಂದು ಹಣ ಪಡೆದು ಮೊದಲ ಪುಟದಲ್ಲಿ ತರುವುದಾಗಿ ಮಾತು ಕೊಟ್ಟ ಏಜೆನ್ಸಿಯೊಂದಕ್ಕೆ ಅವರು ಕೆಲಸ ಒಪ್ಪಿಸಿದ್ದರು. ಮಾತಿನಂತೆ ತಂದೂ ಇದ್ದರು. ಆದರೆ ದಾರಿ ಕೆಟ್ಟದ್ದು. ಯಾರೂ ಓದದ ನೂರಾರು ಕಸದ ತಾಣಗಳಲ್ಲಿ ಒಂದೇ ಪದಪುಂಜ ಹೊತ್ತ ಕೊಂಡಿಗಳನ್ನು ಕೊಂಡು ತುಂಬಿಸಿದ್ದರು. 2012ರ ಏಪ್ರಿಲ್ 24ರಂದು ಗೂಗಲ್ ಪೆಂಗ್ವಿನ್ ಎಂಬ ಬದಲಾವಣೆಯನ್ನು ಜಾರಿಗೆ ತಂದಿತು. ಇಂಥ ಕೊಂಡಿಗಳ ಮೇಲೆ ನಿಂತ ತಾಣಗಳನ್ನು ಗುರುತಿಸಿ ಕೆಳಗೆ ತಳ್ಳುವುದೇ ಅದರ ಉದ್ದೇಶ. ಅದರ ಹಿಂದಿನ ವರ್ಷ ಬಂದಿದ್ದ ಪಾಂಡಾ, ಹುರುಳಿಲ್ಲದ ಬರಹಗಳ ತಾಣಗಳನ್ನು ಹಿಂದಕ್ಕೆ ಸರಿಸಿತ್ತು. ಅಣ್ಣನ ತಾಣ ಕೆಲವೇ ದಿನಗಳಲ್ಲಿ ಕಾಣದಾಯಿತು. ವರ್ಗಾವಣೆಯ ಹಂಗಾಮು ಶುರುವಾಗುವ ಹೊತ್ತು. ಫೋನು ಮಲಗಿಬಿಟ್ಟಿತು.

“ನೋಡು ತಮ್ಮಾ, ರೊಕ್ಕ ಹೋಗಿದ್ದಕ್ಕ ಸಂಕಟ ಇಲ್ಲ. ನಾವು ಮೋಸದ ಮಂದಿ ಅಂತ ಆತಲ್ಲ, ಅದಕ್ಕ ಸಂಕಟ” ಎಂದರು ಅವರು. ಅವರ ದುಃಖ ನ್ಯಾಯವಾದದ್ದಾಗಿತ್ತು. ಒಂದು ಗಾಜಿನ ಲೋಟ ಒಡೆದರೂ ಬೆಲೆ ಕಟ್ಟಿಕೊಡುವ ಮನುಷ್ಯ. ಆ ಕಸದ ತಾಣಗಳಿಗೆಲ್ಲ ಬರೆದು ಕೊಂಡಿ ತೆಗೆಯಿರಿ ಎಂದು ಬೇಡಿದೆವು. ಬಹಳಷ್ಟು ಕಡೆ ಉತ್ತರ ಕೊಡುವವರೇ ಇಲ್ಲ. ಅಕ್ಟೋಬರಿನಲ್ಲಿ ಗೂಗಲ್, ಈ ಕೊಂಡಿಗಳಿಗೂ ನಮಗೂ ಸಂಬಂಧವಿಲ್ಲ ಎಂದು ಪಟ್ಟಿ ಕೊಡುವ ಸೌಲಭ್ಯ ತಂದಿತು. ಪಟ್ಟಿ ಕೊಟ್ಟೆವು. ಆದರೂ ಕಾಯಬೇಕಿತ್ತು. ಆಗ ಪೆಂಗ್ವಿನ್ ತನ್ನ ಲೆಕ್ಕವನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ಹೊಸದಾಗಿ ಹಾಕುತ್ತಿತ್ತು. ಆ ಲೆಕ್ಕ ನಿರಂತರವಾಗಿ ನಡೆಯುವಂತಾದದ್ದು 2016ರಲ್ಲಿ.

ಕಾಯುವ ಕಾಲವನ್ನು ಬರೆಯಲು ಬಳಸಿಕೊಂಡೆವು. ಅಣ್ಣನಿಗೆ ಗೊತ್ತಿದ್ದದ್ದು ಎಷ್ಟು! ಮಳೆಗಾಲದಲ್ಲಿ ಹಾಸಿಗೆ, ಪುಸ್ತಕಗಳನ್ನು ಹೇಗೆ ಕಟ್ಟಬೇಕು, ಫ್ರಿಜ್ಜನ್ನು ಸಾಗಿಸಿದ ಮೇಲೆ ಎಷ್ಟು ಹೊತ್ತು ಸುಮ್ಮನೆ ನಿಲ್ಲಿಸಬೇಕು, ಮುಂಬಯಿಯ ಜಕಾತಿ ನಾಕಾದಲ್ಲಿ ಯಾವ ಕಾಗದ ತೋರಿಸಬೇಕು. ಸರ್ಕಾರಿ ನೌಕರರು ವರ್ಗಾವಣೆ ಭತ್ಯೆಯ ಬಿಲ್ಲು ಹಾಕುವಾಗ ಸಾಗಣೆಯವರ ರಸೀದಿ ಬೇಕು. ಸಾಮಾನಿನ ತೂಕ, ಎಲ್ಲಿಂದ ಎಲ್ಲಿಗೆ, ಲಾರಿಯ ನಂಬರು ಎಲ್ಲ ಸರಿಯಾಗಿ ನಮೂದಾಗದಿದ್ದರೆ ಬಿಲ್ಲು ವಾಪಸು ಬರುತ್ತದೆ. ಕಾಲೊನಿಯಲ್ಲಿ ಬೆಳೆದ ನನಗೆ ಆ ಬಿಲ್ಲಿನ ಚಿಂತೆ ಎಂಥದೆಂದು ಗೊತ್ತು. ಅದರ ಮೇಲೆ ಒಂದು ಪುಟ ಬರೆದೆವು. ಯಾವ ಪದವನ್ನೂ ತುರುಕಲಿಲ್ಲ, ಯಾವ ಕೊಂಡಿಯನ್ನೂ ಕೊಳ್ಳಲಿಲ್ಲ. ನೌಕರರು ತಮ್ಮ ಗೆಳೆಯರಿಗೆ ಆ ಪುಟವನ್ನು ಕಳಿಸತೊಡಗಿದರು. ಅಲ್ಲಿಂದ ಇಲ್ಲಿಂದ ನಿಜವಾದ ಕೊಂಡಿಗಳು ತಾವಾಗಿ ಬಂದವು. ತಾಣ ಮೆಲ್ಲನೆ ಮೇಲೆದ್ದಿತು, ಮತ್ತೆ ಕುಸಿಯಲಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಮುಂಬಯಿಯ ಜಕಾತಿ ರದ್ದಾದಾಗ ಜಕಾತಿಯ ಮಾತಿದ್ದ ಪುಟವನ್ನು ಅದೇ ವಾರ ತಿದ್ದಿದೆವು. ಹಳತಾದ ಉತ್ತರವನ್ನು ಹಾಗೇ ಬಿಡುವುದು, ಕೇಳಿದವರಿಗೆ ತಪ್ಪು ದಾರಿ ತೋರಿಸಿದಂತೆಯೇ.

ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಒಂದು ತಾಣದ ಒಡೆಯರಿಗೆ ಕಾಣುವ ಪಟ್ಟಿಯೊಂದಿದೆ. ಜನ ಏನೆಂದು ಹುಡುಕಿದಾಗ ನಿಮ್ಮ ಪುಟ ಕಂಡಿತು, ಎಷ್ಟನೆಯ ಸ್ಥಾನದಲ್ಲಿ ಕಂಡಿತು, ಎಷ್ಟು ಜನ ಒಳಗೆ ಬಂದರು ಎಂಬ ಪಟ್ಟಿ. ನನ್ನ ಕೆಲಸದಲ್ಲಿ ನನಗೆ ಅತಿ ಪ್ರಿಯವಾದದ್ದು ಅದನ್ನು ಓದುವುದು. ಅಲ್ಲಿ ಯಾರ ಹೆಸರೂ ಇರುವುದಿಲ್ಲ, ಪ್ರಶ್ನೆಗಳು ಮಾತ್ರ. ಕಾಲೊನಿಗೆ ಹತ್ತಿರದ ಭಟ್ಟರೊಬ್ಬರ ತಾಣದ ಪಟ್ಟಿಯನ್ನು ವರ್ಷವಿಡೀ ಓದಿದರೆ ಮುಂಬಯಿ ಕನ್ನಡಿಗರ ಬದುಕಿನ ಪಂಚಾಂಗವೇ ತೆರೆದುಕೊಳ್ಳುತ್ತಿತ್ತು. ಶ್ರಾವಣದ ಸುಮಾರಿಗೆ ಉಪಾಕರ್ಮ ಯಾವ ದಿನ, ಎಲ್ಲಿ ಎಂದು. ಭಾದ್ರಪದ ಕೃಷ್ಣಪಕ್ಷದಲ್ಲಿ ಪಕ್ಷಮಾಸದ ಬಗ್ಗೆ. ನಡುನಡುವೆ, ತಡರಾತ್ರಿ ಯಾರೋ ಬರೆದಂತೆ ತೋರುವ ಪ್ರಶ್ನೆಗಳು, ಅಪರಕ್ರಿಯೆ ಮಾಡಿಸುವ ಕನ್ನಡ ಪುರೋಹಿತರು ಮುಂಬಯಿಯಲ್ಲಿ ಎಂದು. ಊರು ದೂರ, ಮನೆಯಲ್ಲಿ ಸಾವು, ಯಾರನ್ನು ಕೇಳಬೇಕೋ ತಿಳಿಯದ ಮನುಷ್ಯ ಫೋನು ಕೈಗೆತ್ತಿಕೊಂಡಿದ್ದಾನೆ. ಅಂಥವನಿಗೆ ಹತ್ತನೆಯ ಸ್ಥಾನಕ್ಕೂ ಎರಡನೆಯ ಸ್ಥಾನಕ್ಕೂ ಇರುವ ವ್ಯತ್ಯಾಸ ವ್ಯಾಪಾರದ ವ್ಯತ್ಯಾಸವಲ್ಲ.

ಭಟ್ಟರಿಗೆ ಇದನ್ನು ತೋರಿಸಿದಾಗ ಅವರು ಬಹಳ ಹೊತ್ತು ಆ ಸಾಲುಗಳನ್ನೇ ನೋಡಿದರು. ಆಮೇಲೆ, ಅಪರಕ್ರಿಯೆಗೆ ಬೇಕಾದ ಸಾಮಗ್ರಿಯ ಪಟ್ಟಿಯನ್ನು, ಯಾವ ದಿನ ಏನು ಎಂಬ ಕ್ರಮವನ್ನು, ಸ್ಮಶಾನದಲ್ಲಿ ಕೊಡಬೇಕಾದ ಕಾಗದಗಳ ವಿವರವನ್ನು ತಾವೇ ಬರೆದುಕೊಟ್ಟರು. ತಮ್ಮನ್ನು ಕರೆಯದವರಿಗೂ ಉಪಯೋಗಕ್ಕೆ ಬರಲಿ ಎಂದರು. ಅವರ ತಾಣದಲ್ಲಿ ಇಂದಿಗೂ ಹೆಚ್ಚು ಜನ ಓದುವ ಪುಟ ಅದು.

ಹುಡುಕಾಟದ ಆ ಪಟ್ಟಿಯಲ್ಲಿ ಬಹುಕಾಲ ಒಂದು ಸಂಗತಿ ನನ್ನನ್ನು ನೋಯಿಸುತ್ತಿತ್ತು. ಕನ್ನಡ ಪುರೋಹಿತರನ್ನು ಹುಡುಕುವವರೂ ಇಂಗ್ಲಿಷ್ ಅಕ್ಷರದಲ್ಲೇ ಹುಡುಕುತ್ತಿದ್ದರು. ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ ಎಂಬ ಅನುಭವ ಅವರದು. ಆ ಅನುಭವ ಸುಳ್ಳಲ್ಲ. ಯು.ಬಿ. ಪವನಜ ಅವರು 1996ರಲ್ಲೇ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆಯನ್ನು ಶುರುಮಾಡಿದ್ದರು. ಅಷ್ಟು ಬೇಗ ನಮ್ಮ ಭಾಷೆ ಜಾಲಕ್ಕೆ ಬಂದಿತ್ತು. ಆದರೆ ಆ ದಿನಗಳ ಕನ್ನಡ ತಾಣಗಳು ಒಂದೊಂದೂ ಒಂದೊಂದು ಫಾಂಟಿನಲ್ಲಿ. ತೆರೆಯ ಮೇಲೆ ‘ಕ’ ಎಂದು ಕಂಡರೂ ಒಳಗೆ ಕೂತಿದ್ದದ್ದು ಇಂಗ್ಲಿಷಿನ ಯಾವುದೋ ಅಕ್ಷರದ ಸಂಕೇತ. ಕನ್ನಡಕ್ಕೆ ಯುನಿಕೋಡಿನಲ್ಲಿ 1991ರಿಂದಲೇ ಸ್ವಂತ ಜಾಗವಿದೆ. ವಿಂಡೋಸ್ ಎಕ್ಸ್‌ಪಿ ಜೊತೆಗೆ ತುಂಗಾ ಫಾಂಟ್ ಬಂದ ಮೇಲೆ ಮನೆಯ ಕಂಪ್ಯೂಟರಿನಲ್ಲೂ ಅದನ್ನು ಕಾಣುವ ದಾರಿ ತೆರೆಯಿತು. ಆದರೆ ಡಿಟಿಪಿ ಅಂಗಡಿಗಳು, ಮುದ್ರಣಾಲಯಗಳು ಹಳೆಯ ಫಾಂಟಿನಲ್ಲೇ ಉಳಿದವು, ಅವರಿಂದ ಸಾಮಗ್ರಿ ಪಡೆಯುವ ಸಂಘಸಂಸ್ಥೆಗಳೂ ಉಳಿದವು.

ಮುಂಬಯಿಯ ಒಂದು ಕನ್ನಡ ಸಂಘದ ತಾಣ ನನ್ನ ಕೈಗೆ ಬಂದಾಗ ಅದರಲ್ಲಿ ದಶಕಗಳ ಸಂಪತ್ತಿತ್ತು. ನಾಟಕಗಳ ಕರಪತ್ರ, ಸ್ಮರಣ ಸಂಚಿಕೆಗಳು, ಅತಿಥಿ ಸಾಹಿತಿಗಳ ಭಾಷಣದ ವರದಿ, ರಾತ್ರಿಶಾಲೆಯಲ್ಲಿ ಓದಿ ಮುಂದೆ ಬಂದ ಹೋಟೆಲ್ ಹುಡುಗರ ನೆನಪುಗಳು. ಎಲ್ಲವೂ ಸ್ಕ್ಯಾನ್ ಮಾಡಿದ ಚಿತ್ರಗಳು, ಇಲ್ಲವೇ ಹಳೆಯ ಫಾಂಟಿನ ಫೈಲುಗಳು. ಹುಡುಕಾಟದ ಲೋಕಕ್ಕೆ ಅಲ್ಲಿ ಏನೂ ಇರಲಿಲ್ಲ. ಮುಂಬಯಿ ಕನ್ನಡ ರಂಗಭೂಮಿಯ ಬಗ್ಗೆ ಪಿಎಚ್‌.ಡಿ. ಮಾಡುವವರೊಬ್ಬರು ತಮಗೆ ಜಾಲದಲ್ಲಿ ಏನೂ ಸಿಗಲಿಲ್ಲ ಎಂದು ಹೇಳಿದ್ದನ್ನು ಕೇಳಿ ನನಗೆ ಕಸಿವಿಸಿಯಾಯಿತು. ಅವರು ಕೇಳಿದ್ದೆಲ್ಲ ಅಲ್ಲಿತ್ತು.

ಹಳೆಯ ಫಾಂಟಿನ ಫೈಲುಗಳನ್ನು ಪರಿವರ್ತಕದಲ್ಲಿ ಹಾಕಿ ಯುನಿಕೋಡಿಗೆ ತಂದೆವು. ಪರಿವರ್ತಿಸಿದ ಮೇಲೂ ತಿದ್ದಬೇಕು. ಒತ್ತಕ್ಷರಗಳು ಜಾಗ ತಪ್ಪಿರುತ್ತವೆ, ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತಿರುತ್ತದೆ. ಕಣ್ಣಿಗೆ ಎರಡೂ ಒಂದೇ, ಹುಡುಕುವ ಯಂತ್ರಕ್ಕೆ ಬೇರೆ ಬೇರೆ. ಸ್ಕ್ಯಾನ್ ಪ್ರತಿಗಳನ್ನು ನಿವೃತ್ತರಾದ ಹಿರಿಯರು ಕೂತು ಟೈಪ್ ಮಾಡಿಕೊಟ್ಟರು. ಬ್ಯಾಂಕಿನಲ್ಲಿದ್ದವರು, ಶಾಲೆಯಲ್ಲಿ ಕಲಿಸಿದವರು, ಗೃಹಿಣಿಯರು. ಪ್ರತಿ ನಾಟಕಕ್ಕೂ ಒಂದು ಪುಟ, ಅದರಲ್ಲಿ ಆಡಿದ ವರ್ಷ, ಜಾಗ, ನಟರು, ನಿರ್ದೇಶಕರು. ಪುಟದ ಶೀರ್ಷಿಕೆಯಲ್ಲಿ ನಾಟಕದ ಹೆಸರು, ಜೊತೆಗೆ ಮುಂಬಯಿ. ಮುಂಬೈ ಎಂದು ಬರೆಯುವವರಿಗೂ ಸಿಗುವಂತೆ ಒಳಗೊಂದು ಕಡೆ ಆ ರೂಪ. ಪುಟಕ್ಕೆ ಇದು ಕನ್ನಡ ಎಂಬ ಗುರುತು, ಎಲ್ಲ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್. ಇದಕ್ಕಿಂತ ಹೆಚ್ಚಿನ ಚಮತ್ಕಾರ ಏನೂ ಇರಲಿಲ್ಲ. ಕನ್ನಡದಲ್ಲಿ ಆ ವಿಷಯಗಳ ಮೇಲೆ ಪೈಪೋಟಿಗೆ ಬೇರೆ ಪುಟಗಳೂ ಇರಲಿಲ್ಲ. ಸೂಚಿಗೆ ಸೇರಿದ ಕೆಲವೇ ವಾರಗಳಲ್ಲಿ ಅವು ಮೊದಲ ಸ್ಥಾನಗಳಲ್ಲಿ ನಿಂತವು.

ಅದೇ ಹೊತ್ತಿಗೆ ಜನರ ಕೈಯಲ್ಲಿದ್ದ ಯಂತ್ರವೂ ಬದಲಾಯಿತು. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಚೌಕಚೌಕವಾಗಿ ಕಾಣುವುದು ನಿಂತದ್ದು 2012ರಿಂದೀಚೆಗೆ. 2015ರ ಏಪ್ರಿಲ್‌ನಲ್ಲಿ ಗೂಗಲ್, ಫೋನಿನಲ್ಲಿ ಓದಲು ಅನುಕೂಲವಾದ ಪುಟಗಳಿಗೆ ಫೋನಿನ ಹುಡುಕಾಟದಲ್ಲಿ ಆದ್ಯತೆ ಕೊಡತೊಡಗಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಸಂಘದ ಪುಟಗಳನ್ನು ನಾನು ಕಡಿಮೆ ಬೆಲೆಯ ಫೋನಿನಲ್ಲಿ, ಹಾರ್ಬರ್ ಲೈನಿನ ಗಾಡಿಯಲ್ಲಿ ನಿಂತು, ಸಂಪರ್ಕ ಬಂದುಹೋಗುವ ಕಡೆಗಳಲ್ಲಿ ತೆರೆದು ನೋಡುತ್ತಿದ್ದೆ. ಅಲ್ಲಿ ತೆರೆದುಕೊಂಡರೆ ಎಲ್ಲಿಯೂ ತೆರೆದುಕೊಳ್ಳುತ್ತದೆ. ಫೋಟೋಗಳನ್ನು ಚಿಕ್ಕದು ಮಾಡಿ, ಬೇಡದ ಅಲಂಕಾರಗಳನ್ನು ತೆಗೆದು, ಅಕ್ಷರಗಳು ಮೊದಲು ಕಾಣುವಂತೆ ಮಾಡಿದೆವು.

2017ರ ಆಗಸ್ಟ್‌ನಲ್ಲಿ ಕನ್ನಡದಲ್ಲಿ ಮಾತಾಡಿ ಹುಡುಕುವ ಸೌಲಭ್ಯವನ್ನು ಗೂಗಲ್ ತಂದಿತು. ಸರ್ಚ್ ಕನ್ಸೋಲ್‌ನ ಪಟ್ಟಿಯ ಧ್ವನಿಯೇ ಬದಲಾಯಿತು. ಅದುವರೆಗೆ ಎರಡು ಮೂರು ಪದ ತುಂಡರಿಸಿ ಬರೆಯುತ್ತಿದ್ದ ಜಾಗದಲ್ಲಿ ಪೂರ್ತಿ ವಾಕ್ಯಗಳು ಬರತೊಡಗಿದವು, ಕನ್ನಡ ಲಿಪಿಯಲ್ಲಿ. ವಡಾಲಾ ಹತ್ತಿರ ಮಕ್ಕಳಿಗೆ ಕನ್ನಡ ಕಲಿಸುವವರು ಯಾರಿದ್ದಾರೆ. ಮಾಟುಂಗದಲ್ಲಿ ಈ ವಾರ ಯಕ್ಷಗಾನ ಇದೆಯಾ. ಕೀಲಿಮಣೆ ಒತ್ತಲು ಬಾರದ ಅಜ್ಜಿಯರು, ಶಾಲೆ ಅರ್ಧಕ್ಕೆ ಬಿಟ್ಟವರು, ಮುಂಬಯಿಗೆ ಆಗಷ್ಟೇ ಬಂದಿಳಿದ ಹುಡುಗರು ಫೋನಿಗೆ ಬಾಯಿಟ್ಟು ಕೇಳುತ್ತಿದ್ದರು. ಅವರು ಕೇಳಿದ ಹಾಗೆಯೇ ಪುಟಗಳಲ್ಲಿ ಪ್ರಶ್ನೆಯನ್ನು ಶೀರ್ಷಿಕೆಯಾಗಿಟ್ಟು, ಕೆಳಗೆ ನೇರವಾದ ಉತ್ತರ ಬರೆದೆವು. 2019ರ ಮಾರ್ಚ್‌ನಲ್ಲಿ ಮೋನೋರೈಲು ಮುಂದಕ್ಕೆ ವಿಸ್ತರಣೆಯಾಗಿ ಆಂಟಾಪ್ ಹಿಲ್‌ಗೇ ಒಂದು ನಿಲ್ದಾಣ ಸಿಕ್ಕಿತು. ಅಕ್ಕನ ಪುಟದಲ್ಲಿ ದಾರಿ ಹೇಳುವ ಸಾಲುಗಳಿಗೆ ಅದೂ ಸೇರಿತು. ನಮ್ಮ ಜಾಗದ ಹೆಸರು ಮೊದಲ ಬಾರಿಗೆ ರೈಲಿನ ಫಲಕದ ಮೇಲೆ ಬಂದದ್ದು ಅಕ್ಕನಿಗೆ ಹೆಮ್ಮೆಯ ಸಂಗತಿ.

ಈಗ ಈ ಕೆಲಸ ಮತ್ತೊಂದು ತಿರುವಿನಲ್ಲಿದೆ. 2024ರ ಆಗಸ್ಟ್‌ನಿಂದ ಭಾರತದಲ್ಲೂ ಗೂಗಲ್ ಹಲವು ಪ್ರಶ್ನೆಗಳಿಗೆ ಕೃತಕ ಬುದ್ಧಿಮತ್ತೆಯಿಂದ ತಾನೇ ಉತ್ತರ ಬರೆದು ಪುಟದ ತಲೆಯ ಮೇಲಿಡುತ್ತಿದೆ. ಹಲವರು ಕೊಂಡಿ ಒತ್ತಿ ಒಳಗೆ ಬರುವುದೇ ಇಲ್ಲ. ಎಸ್‌ಇಒ ಮುಗಿಯಿತು ಎಂದು ಹೇಳುವವರು ನನ್ನ ವೃತ್ತಿಯಲ್ಲೇ ಇದ್ದಾರೆ. ನಾನು ಹಾಗೆ ನಂಬುವುದಿಲ್ಲ. ಆ ಯಂತ್ರ ಉತ್ತರ ಕಟ್ಟುವುದು ಯಾರೋ ಬರೆದಿಟ್ಟದ್ದನ್ನು ಓದಿಕೊಂಡು. ಮುಂಬಯಿ ಕನ್ನಡ ರಂಗಭೂಮಿಯ ಬಗ್ಗೆ ಕನ್ನಡದಲ್ಲಿ ಓದಲು ಸಿಗುವ ಅಕ್ಷರವೇ ಇಲ್ಲದಿದ್ದರೆ ಅದು ಸುಮ್ಮನಾಗುತ್ತದೆ, ಇಲ್ಲವೇ ಇಲ್ಲದ್ದನ್ನು ಹೆಣೆಯುತ್ತದೆ. ಎರಡರಿಂದಲೂ ನಷ್ಟ ನಮಗೇ. ಮೊದಲ ಪುಟದ ಹತ್ತು ಸ್ಥಾನಗಳ ಪೈಪೋಟಿ ಹೋಗಿ ಈಗ ಉಳಿದಿರುವ ಪ್ರಶ್ನೆ ಇನ್ನೂ ಮೂಲಭೂತವಾದದ್ದು: ನಮ್ಮ ಬಗ್ಗೆ ನಾವೇ ಬರೆದದ್ದು ಅಲ್ಲಿ ಇದೆಯೇ?

ಆದ್ದರಿಂದ ಸಂಘಗಳ ಕಾರ್ಯದರ್ಶಿಗಳನ್ನು, ಶಾಲೆಗಳ ಮೇಷ್ಟರುಗಳನ್ನು, ಅಂಗಡಿ ಹೋಟೆಲಿನವರನ್ನು ಕಂಡಾಗೆಲ್ಲ ನಾನು ಬೇಡಿಕೊಳ್ಳುವುದು ಇಷ್ಟೇ. ಕಾರ್ಯಕ್ರಮದ ಆಮಂತ್ರಣವನ್ನು ವಾಟ್ಸ್‌ಆ್ಯಪ್ ಚಿತ್ರವಾಗಿ ಹಂಚಿದ ಮೇಲೆ ಅದರ ಮಾತುಗಳನ್ನು ಯುನಿಕೋಡಿನಲ್ಲಿ ಟೈಪ್ ಮಾಡಿ ತಾಣದಲ್ಲೂ ಹಾಕಿ. ಇಸವಿ, ತಾರೀಖು, ಊರು, ಬಡಾವಣೆ, ನಿಲ್ದಾಣ ಬರೆಯಿರಿ. ಜನ ಯಾವ ಹೆಸರಿನಿಂದ ಕೇಳುತ್ತಾರೋ ಆ ಹೆಸರನ್ನು ಬಿಡಬೇಡಿ. ನಿಮಗೆ ಗೊತ್ತಿರುವ ಇನ್ನೊಬ್ಬ ಪ್ರಾಮಾಣಿಕನ ಪುಟಕ್ಕೆ ಕೊಂಡಿ ಕೊಡಿ, ಅದರಿಂದ ನಿಮ್ಮದೇನೂ ಕಡಿಮೆಯಾಗುವುದಿಲ್ಲ. ಮೊದಲ ಪುಟದ ಗ್ಯಾರಂಟಿ ಕೊಡುವವರಿಗೆ ಹಣ ಕೊಡಬೇಡಿ, ಆ ಮಾತು ಕೊಡುವ ಅಧಿಕಾರ ಅವರಿಗಿಲ್ಲ. ಇದಕ್ಕೆ ದೊಡ್ಡ ಬಂಡವಾಳ ಬೇಡ, ಇಂಜಿನಿಯರ್ ಪದವಿಯೂ ಬೇಡ. ಗೊತ್ತಿರುವವರು ಕೂತು ಬರೆಯಬೇಕು, ಬರೆದದ್ದನ್ನು ಕಾಲಕಾಲಕ್ಕೆ ತಿದ್ದಬೇಕು.